ಹೆಜ್ಜೆ ಕೇಳುವ ಕಿಟಕಿ

ತನುಜಾಳ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳುವಂಥದ್ದಲ್ಲ. ಮೊಬೈಲಿನಲ್ಲಿ ಬಣ್ಣಬಣ್ಣದ ಗುಂಡಿ ಕುಣಿಸುವವರನ್ನು ನೆಂಟರಿಷ್ಟರು ಹೊಗಳುತ್ತಾರೆ. ಅವಳದ್ದು ಕರ್ನಲ್ ಕೆಲಸ, ಅಂದರೆ ಕಂಪ್ಯೂಟರಿನ ತೀರ ಒಳಮನೆಯದ್ದು. ಮೇಲಿನ ಪ್ರೋಗ್ರಾಮುಗಳು ಯಂತ್ರವನ್ನು ನೇರವಾಗಿ ಮುಟ್ಟುವಂತಿಲ್ಲ. ಏನು ಬೇಕಾದರೂ ಕರ್ನಲ್ಲಿನ ಕಿಟಕಿಗೆ ಬಂದು ಕೇಳಬೇಕು, ಅದು ಕೊಟ್ಟಷ್ಟನ್ನು ಇಸಿದುಕೊಂಡು ಹೋಗಬೇಕು. ಯಾವ ಕಿಟಕಿ ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ತೀರ್ಮಾನಿಸುವುದಕ್ಕೇ ಅವಳಿಗೆ ಸಂಬಳ. ಇದನ್ನು ಅಮ್ಮನಿಗೆ ವಿವರಿಸಿ ವಿವರಿಸಿ ಸಾಕಾಗಿ, ಕೊನೆಗೆ ಕಂಪ್ಯೂಟರ್ ರಿಪೇರಿ ಎಂದು ಒಪ್ಪಿಕೊಂಡಿದ್ದಳು.

ಮೂಡಿಗೆರೆಯಲ್ಲಿ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ಅವರ ಕಂಪನಿ. ನಡೆಸುವವನು ಕಳಸದ ನಿರಂಜನ. ಗುಡ್ಡ ಕುಸಿಯುವ ಮುಂಚೆ ಕೂಗಿ ಎಬ್ಬಿಸುವ ಪೆಟ್ಟಿಗೆಗಳನ್ನು ಅವರು ಮಾಡುತ್ತಿದ್ದರು. ಇಳಿಜಾರಿನಲ್ಲಿ ಕಬ್ಬಿಣದ ಪೈಪು ಹೂತು, ಅದರ ತಳದಲ್ಲಿ ನೆಲದ ನಡುಕ ಹಿಡಿಯುವ ಸೆನ್ಸರ್ ಇಟ್ಟು, ವೈರನ್ನು ಕೆಳಗೆ ಆಳುಗಳ ಸಾಲುಮನೆಯಾದ ಕೂಲಿ ಲೈನಿನ ಜಗಲಿಗೆ ಎಳೆದರೆ ಅಲ್ಲಿ ಪೆಟ್ಟಿಗೆ, ಅದರ ಮೇಲೆ ಸೈರನ್. ತನುಜಾಳ ಕರ್ನಲ್ ಆ ನಡುಕವನ್ನೆಲ್ಲ ಸೋಸುತ್ತಿತ್ತು. ದನ ಓಡಾಡಿದ್ದು, ಹಂದಿ ನೆಲ ಕೆದರಿದ್ದು, ಆಳುಗಳು ನಡೆದದ್ದು ಎಲ್ಲವೂ ಕಸ. ಅದನ್ನೆಲ್ಲ ಎಸೆದು ಮೇಲಿನ ಪ್ರೋಗ್ರಾಮಿಗೆ ಕೊಡುತ್ತಿದ್ದುದು ಒಂದೇ ಮಾತು: ಶಾಂತ, ಇಲ್ಲವೇ ಅಪಾಯ.

ನಿರಂಜನನಿಗೆ ಅಷ್ಟೇ ಸಾಕಿತ್ತು. ಜಾಸ್ತಿ ತೋರಿಸಿದಷ್ಟೂ ಜನ ಅದನ್ನೇ ನೆಚ್ಚಿಕೊಳ್ಳುತ್ತಾರೆ, ಆಮೇಲೆ ನಾವು ಒಳಗೆ ಏನನ್ನೂ ಬದಲಾಯಿಸುವ ಹಾಗಿರುವುದಿಲ್ಲ ಎನ್ನುತ್ತಿದ್ದ. ತನುಜಾ ಬಣಕಲ್‌ನ ದಿನಸಿ ವ್ಯಾಪಾರಿಯ ಮಗಳು. ಗಿರಾಕಿ ಮೂಟೆಯೊಳಗೆ ಕೈ ಹಾಕಿ ಅಕ್ಕಿ ನೋಡಿಯೇ ಕೊಳ್ಳುವ ಅಂಗಡಿಯಲ್ಲಿ ಬೆಳೆದವಳು. ಮುಚ್ಚಿಡುವುದೆಂದರೆ ಅವಳಿಗೆ ಒಳಗೊಳಗೇ ಕಸಿವಿಸಿ. ಆದರೂ ಆ ಕಸುಬಿನವರಿಗೆ ಒಂದು ಕಟ್ಟಳೆಯಿದೆ, ಅದನ್ನು ಇಬ್ಬರೂ ದೇವರ ಮೇಲಿನ ಆಣೆಯ ಹಾಗೆ ನಡೆಸುತ್ತಿದ್ದರು: ಒಮ್ಮೆ ತೆರೆದ ಕಿಟಕಿಯಿಂದ ಯಾರಾದರೂ ಏನಾದರೂ ತೆಗೆದುಕೊಳ್ಳಲು ಶುರುಮಾಡಿದರೆ ಅದನ್ನು ಮುಚ್ಚುವಂತಿಲ್ಲ. ತಪ್ಪಿ ತೆರೆದದ್ದಾದರೂ ಅಷ್ಟೇ.

ತನುಜಾ ಒಂದನ್ನು ತಪ್ಪಿ ತೆರೆದಿದ್ದಳು. ಕಳಸದಾಚೆಯ ಎಸ್ಟೇಟೊಂದರಲ್ಲಿ ಪೆಟ್ಟಿಗೆ ಕೂರಿಸುವಾಗ ಪರೀಕ್ಷೆಗೆಂದು ಸೋಸದ ನಡುಕವನ್ನೇ ಸದ್ದಾಗಿ ಕೇಳಿಸುವ ಕಿಟಕಿ ಮಾಡಿ, ಇಯರ್‌ಫೋನ್ ಸಿಕ್ಕಿಸಿ ಕೇಳಿದ್ದಳು. ಕೆಲಸ ಮುಗಿದ ಮೇಲೆ ಇಯರ್‌ಫೋನನ್ನೂ ಕಿಟಕಿಯನ್ನೂ ಮರೆತು ಜೀಪು ಹತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಆಫೀಸಿನಲ್ಲೇ ಕೂತು ನೆಟ್‌ವರ್ಕಿನ ಮೂಲಕ ಎಲ್ಲ ಪೆಟ್ಟಿಗೆಗಳ ಸ್ಥಿತಿಗತಿ ನೋಡುತ್ತಿದ್ದಾಗ ಗೊತ್ತಾಯಿತು, ಆ ಕಿಟಕಿಯನ್ನು ದಿನಾ ಸಂಜೆ ಯಾರೋ ತೆರೆಯುತ್ತಿದ್ದಾರೆ. ತುಂಬ ಹೊತ್ತು ತೆರೆದಿಟ್ಟಿರುತ್ತಾರೆ. ಕೇಳುವುದಕ್ಕೆ ಅಲ್ಲಿ ಏನಿದೆ, ಬರಿಯ ಮಣ್ಣು.

ನಿರಂಜನ ತಲೆ ಕೆಡಿಸಿಕೊಂಡದ್ದು ಬೇರೆಯದಕ್ಕೆ. ಕಿಟಕಿ ತೆರೆದಿರುವಷ್ಟು ಹೊತ್ತೂ ಪೆಟ್ಟಿಗೆ ನಿದ್ದೆ ಮಾಡುವುದಿಲ್ಲ, ಬ್ಯಾಟರಿ ಇಳಿಯುತ್ತದೆ. ಬಿಸಿಲಿರುವಾಗ ಸೋಲಾರ್ ತುಂಬಿಕೊಡುತ್ತದೆ ಸರಿ, ಆಷಾಢದಲ್ಲಿ ಬಿಸಿಲೆಲ್ಲಿಂದ ಬರಬೇಕು? ಬೇಕಾದ ದಿನವೇ ಸೈರನ್ ಸತ್ತಿರುತ್ತದೆ.

"ನೋಡು ಮಾರಾಯ್ತಿ, ಆ ಲೈನಲ್ಲಿ ಮಕ್ಕಳು ಮರಿ ಎಲ್ಲ ಇದಾವೆ," ಎಂದ. "ಯಾರು ಅಂತ ನೋಡ್ಕೊಂಡು ಬಾ. ಕಟ್ಟಳೆ ಈ ಸಲ ಇರ್ಲಿ, ಆಮೇಲೆ ಮುಚ್ಚು."

ಕೇಳುತ್ತಿದ್ದವಳು ಕೃಷ್ಣಮ್ಮ. ಸೋಲಾರ್ ಹಲಗೆಯ ಮೇಲಿನ ಎಲೆ ಗುಡಿಸಲು ಎಸ್ಟೇಟಿನವರು ನೇಮಿಸಿದ್ದ ಹೆಂಗಸು. ತನುಜಾ ಹೋದಾಗ ಸಂಜೆಯಾಗಿತ್ತು. ಕೃಷ್ಣಮ್ಮ ಜಗಲಿಯಲ್ಲಿ ಪೆಟ್ಟಿಗೆಯ ಕೆಳಗೆ ಕಾಲು ಚಾಚಿ, ಕಿವಿಗೆ ಇಯರ್‌ಫೋನ್ ಇಟ್ಟು, ಬಿದಿರಿನ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೈಯುತ್ತಾರೇನೋ ಎಂಬ ಅಂಜಿಕೆಯೂ ಅವಳ ಮುಖದಲ್ಲಿರಲಿಲ್ಲ. ಕೂತ್ಕೊಳಿ ಅಮ್ಮಾ ಎಂದು ಜಾಗ ಮಾಡಿಕೊಟ್ಟು ಇಯರ್‌ಫೋನಿನ ಒಂದು ತುದಿಯನ್ನು ಕೊಟ್ಟಳು.

ಮೊದಲು ಬರಿಯ ಗುಂಯ್ ಎನ್ನುವ ಸದ್ದು. ಅದರ ಹಿಂದಿನಿಂದ ನಿಧಾನವಾಗಿ ಹೆಜ್ಜೆಗಳು ಬಂದವು. ಒಂದು ಗಟ್ಟಿ, ಒಂದು ಮೆತ್ತಗೆ. ಒಂದು ಗಟ್ಟಿ, ಒಂದು ಮೆತ್ತಗೆ. ತನುಜಾ ತಲೆಯೆತ್ತಿ ಇಳಿಜಾರನ್ನು ನೋಡಿದಳು. ಸಂಜೆಯ ಬೆಳಕಿನ್ನೂ ಚೆನ್ನಾಗಿತ್ತು. ಕಾಫಿ ಗಿಡಗಳ ನಡುವೆ ಒಂದು ನರಪಿಳ್ಳೆಯೂ ಇರಲಿಲ್ಲ.

"ನಮ್ಮನೆಯವ್ರು," ಎಂದಳು ಕೃಷ್ಣಮ್ಮ. ಗಂಡನ ಹೆಸರನ್ನು ಅವಳು ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳಿದವಳಲ್ಲ. ದೊಡ್ಡ ಮಳೆಯ ವರ್ಷ ಅವನು ದನ ಹೊಡೆದುಕೊಂಡು ಬರಲು ಮೇಲೆ ಹೋಗಿದ್ದ, ಗುಡ್ಡ ಜಾರಿತ್ತು. ದನ ಸಿಕ್ಕಿತು, ಅವನು ಸಿಗಲಿಲ್ಲ. ಎಡಗಾಲು ಸ್ವಲ್ಪ ಕುಂಟು ಇತ್ತಂತೆ.

ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿರಬಹುದು, ಮಣ್ಣು ಬಿಸಿಲಿಗೆ ಬಿಗಿದು ಸಡಿಲವಾಗುವಾಗಲೂ ಹೀಗೇ ಕೇಳುತ್ತದೆ ಎಂದೆಲ್ಲ ತನುಜಾ ಹೇಳಿದಳು. ಹೇಳುತ್ತಿದ್ದವಳಿಗೇ ತನ್ನ ಮಾತು ಬೇಡವಾಗಿತ್ತು. ಕೃಷ್ಣಮ್ಮ ಎಲ್ಲದಕ್ಕೂ ಹೂಂಗುಟ್ಟಿ ಅಕ್ಕಿ ಆರಿಸಿದಳು.

"ಇದ್ದಾಗ ಒಂದು ದಿನ ಕೂತು ಮಾತಾಡ್ಲಿಲ್ಲ. ಈಗ ದಿನಾ ಬರ್ತಾರೆ. ಅವ್ರು ಹೀಗೆ ನಿಧಾನಕ್ಕೆ ನಡೀತಿದ್ರೆ ಗುಡ್ಡಕ್ಕೆ ಏನೂ ಆಗಲ್ಲ ಅಂತ ನಂಗೆ ಗೊತ್ತು. ಅವ್ರು ಓಡಿದ ದಿನ ನಾನೂ ಓಡ್ತೀನಿ."

ತನುಜಾ ನಕ್ಕಳು. ಕಿಟಕಿ ಮುಚ್ಚುತ್ತೇನೆ ಎನ್ನಲು ಬಂದವಳು ಅದನ್ನು ಹೇಳದೆ, ಕೃಷ್ಣಮ್ಮ ಕೊಟ್ಟ ಬೆಲ್ಲದ ಕಾಫಿ ಕುಡಿದು, ಲ್ಯಾಪ್‌ಟಾಪಿನಲ್ಲಿ ಆ ಸಂಜೆಯ ಸದ್ದನ್ನು ಹಿಡಿದುಕೊಂಡು ವಾಪಸು ಬಂದಳು.

ಮುಚ್ಚಿದರೆ ಒಬ್ಬ ಹೆಂಗಸಿನ ಸಂಜೆ ಹೋಗುತ್ತದೆ, ತೆರೆದಿಟ್ಟರೆ ಇಡೀ ಲೈನು ಹೋಗಬಹುದು. ಇನ್ನೊಬ್ಬರಾಗಿದ್ದರೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ, ಅವಳು ಅತ್ತರೆ ಜೊತೆಗೆ ಕೂತಿದ್ದು ಬರುತ್ತಿದ್ದರು. ತನುಜಾ ಕರ್ನಲ್ ಬರೆಯುವವಳು. ಹಳೆಯದನ್ನು ಕಿತ್ತುಹಾಕಬೇಕಾದಾಗ ಅವರೆಲ್ಲ ಮಾಡುವ ಉಪಾಯವನ್ನೇ ಅವಳೂ ಮಾಡಿದಳು. ಕಿಟಕಿಯನ್ನು ಇದ್ದ ಜಾಗದಲ್ಲಿ ಇದ್ದ ಹೆಸರಿನಲ್ಲೇ ಉಳಿಸಿ, ಅದರ ಹಿಂದೆ ಇರುವುದನ್ನು ಮಾತ್ರ ಬದಲಾಯಿಸಿದಳು. ಇಯರ್‌ಫೋನ್ ಸಿಕ್ಕಿಸಿದ ಮಾತ್ರಕ್ಕೆ ಇನ್ನು ಸೆನ್ಸರ್ ಏಳುವುದಿಲ್ಲ, ದೊಡ್ಡ ನಡುಕಕ್ಕೆ ಮಾತ್ರ ಏಳುತ್ತದೆ. ಅವಳು ಹಿಡಿದು ತಂದಿದ್ದ ಆ ಸಂಜೆಯ ಹೆಜ್ಜೆಗಳೇ ಮತ್ತೆ ಮತ್ತೆ ಕೇಳುತ್ತವೆ. ಬ್ಯಾಟರಿ ಉಳಿಯುತ್ತದೆ, ಸೈರನ್ ಉಳಿಯುತ್ತದೆ, ಕೃಷ್ಣಮ್ಮನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ನಿರಂಜನನಿಗೆ ಕುಂಟು ಹೆಜ್ಜೆಯ ಗಂಡನ ಕಥೆ ಹೇಳಿ ಉಪಾಯವನ್ನೂ ಹೇಳಿದಳು. ಅವನು ಬೆನ್ನು ತಟ್ಟಿ ಚಹಾ ತರಿಸಿದ. ಸದ್ದನ್ನು ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಮಳೆ ಹಿಡಿಯಿತು. ಬಿಡುವ ಲಕ್ಷಣವೇ ಕಾಣಲಿಲ್ಲ. ಬೇರೆ ಕಂಪನಿಯ ಪೆಟ್ಟಿಗೆಗಳು ಬ್ಯಾಟರಿ ಇಳಿದು ಮಲಗಿದವೆಂಬ ಸುದ್ದಿ ಬರುತ್ತಿದ್ದಾಗ ಕಳಸದ ಪೆಟ್ಟಿಗೆ ಜೀವಂತವಾಗಿತ್ತು. ನಿರಂಜನ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಹೇಳಿಕೊಂಡು ತಿರುಗಿದ.

ಗುಡ್ಡ ಜಾರಿದ್ದು ಹಾಡಹಗಲಲ್ಲೇ. ಆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಪ್ರಸನ್ನಕುಮಾರ್ ಮಧ್ಯಾಹ್ನ ಫೋನು ಮಾಡಿದರು. ಸೈರನ್ ಸರಿಯಾದ ಹೊತ್ತಿಗೆ ಕೂಗಿತಂತೆ, ಜನ ಮಕ್ಕಳನ್ನು ಎತ್ತಿಕೊಂಡು ಶಾಲೆಯ ಕಡೆ ಓಡಿದರಂತೆ, ನಿಮ್ಮ ಪುಣ್ಯದಿಂದ ಲೈನು ಉಳಿಯಿತು ಎಂದರು. ತನುಜಾ ಉಸಿರು ಬಿಡುವಷ್ಟರಲ್ಲಿ ಅವರ ದನಿ ಇಳಿಯಿತು.

"ಕೃಷ್ಣಮ್ಮ ಒಬ್ಳು ಬರ್ಲಿಲ್ಲ ಮೇಡಂ. ಸೈರನ್ ಕೂಗಿದ ಕೂಡ್ಲೇ ಕಿವಿಗೆ ಇಯರ್‌ಫೋನ್ ಇಟ್ಕೊಂಡು ಜಗಲೀಲಿ ಕೂತ್ಲಂತೆ. ಪಕ್ಕದ ಮನೆ ದ್ಯಾವಮ್ಮ ಹೋಗಿ ಕೈ ಹಿಡಿದು ಎಳೆದ್ರೆ, ಅವ್ರಿನ್ನೂ ನಿಧಾನಕ್ಕೇ ನಡೀತಿದಾರೆ, ನೀನು ಹೋಗು, ಅವಸರ ಏನಿಲ್ಲ ಅಂದ್ಲಂತೆ. ಅವಳು ಕೂತಿದ್ದ ತುದಿ ಮನೆ ಮಾತ್ರ ಜಗಲಿ ಸಮೇತ ಹೋಯ್ತು. ಮೂರು ದಿನ ಹುಡುಕಿದ್ರೂ ಹೆಣ ಸಿಗುತ್ತೆ ಅಂತ ನಂಗೆ ಅನ್ಸಲ್ಲ."

ಸಿಗಲಿಲ್ಲ. ತನುಜಾ ಹೋಗಿ ಕೆಂಪು ಮಣ್ಣಿನ ಮುಂದೆ ನಿಂತು ಬಂದಳು. ನೀನು ಕಿಟಕಿ ಮುಚ್ಚದಿದ್ದರೆ ಮಕ್ಕಳೆಲ್ಲ ಹೋಗುತ್ತಿದ್ದರು ಎಂದು ನಿರಂಜನ ದಾರಿಯುದ್ದಕ್ಕೂ ಹೇಳಿದ. ಅದು ನಿಜವೇ. ಆದರೆ ಅವಳು ಮುಚ್ಚಿರಲಿಲ್ಲ. ಮುಚ್ಚಿದ್ದರೆ ಕೃಷ್ಣಮ್ಮ ಸದ್ದು ನಿಂತಿತೆಂದು ಗಾಬರಿಬಿದ್ದಾದರೂ ಎದ್ದು ಬರುತ್ತಿದ್ದಳು. ತೆರೆದಂತೆ ತೋರಿಸಿ ಒಳಗೆ ಸುಳ್ಳನ್ನು ಕೂರಿಸಿದ್ದು ತಾನು. ಸತ್ತವನ ಕಾಲಲ್ಲಿ ನಾನೇ ನಡೆದು ಒಬ್ಬ ಹೆಂಗಸನ್ನು ಅಲ್ಲೇ ಕೂರಿಸಿಬಿಟ್ಟೆ ಎಂದು ಅವಳಿಗೆ ಅನ್ನ ಸೇರಲಿಲ್ಲ.

ಒಂದು ಮಧ್ಯಾಹ್ನ, ಆ ಸುಳ್ಳನ್ನು ಅಳಿಸಿಬಿಡೋಣವೆಂದು ಆಫೀಸಿನ ಕಂಪ್ಯೂಟರಿನಲ್ಲಿದ್ದ ಅದರ ಮೂಲ ಪ್ರತಿಯನ್ನು ಹುಡುಕಿದಳು. ಅಳಿಸುವ ಮುಂಚೆ ಒಮ್ಮೆ ಕೇಳಬೇಕೆನಿಸಿತು. ಹೆಡ್‌ಫೋನ್ ಹಾಕಿಕೊಂಡಳು. ಗುಂಯ್ ಎನ್ನುವ ಸದ್ದು, ಹಿಂದಿನಿಂದ ಹೆಜ್ಜೆಗಳು. ಒಂದು ಗಟ್ಟಿ, ಒಂದು ಮೆತ್ತಗೆ. ಆಮೇಲೆ ಅವಳು ತಟ್ಟನೆ ಸದ್ದು ನಿಲ್ಲಿಸಿ ಫೈಲಿನ ವಿವರ ತೆರೆದಳು. ಫೈಲಿನ ತಾರೀಕು ಮಳೆಗಾಲಕ್ಕೆ ಮುಂಚಿನದೇ. ಗಾತ್ರವೂ ಒಂದಿಷ್ಟು ಹೆಚ್ಚು ಕಡಿಮೆಯಾಗಿರಲಿಲ್ಲ. ಅದನ್ನು ಯಾರೂ ಮುಟ್ಟಿರಲಿಲ್ಲ.

ತನ್ನ ತಲೆಯೇ ಕೆಟ್ಟಿದೆ ಎಂದುಕೊಂಡಳು. ನಿದ್ದೆಯಿಲ್ಲದ ತಲೆ, ಬೇಕಾದ್ದನ್ನು ಕೇಳಿಸಿಕೊಳ್ಳುತ್ತದೆ. ನಿರಂಜನನನ್ನು ಕರೆದು, ಏನೊಂದೂ ಹೇಳದೆ ಹೆಡ್‌ಫೋನನ್ನು ಅವನ ಕೈಗಿತ್ತಳು. ಒಬ್ಬರೇ ನಡೆಯುತ್ತಿದ್ದಾರೆ ಎಂದು ಅವನು ಹೇಳಿದರೆ ಸಾಕು, ಅಳಿಸಿ ಮನೆಗೆ ಹೋಗಿ ಮಲಗುತ್ತೇನೆ ಎಂದು ಅವನ ಮುಖವನ್ನೇ ನೋಡುತ್ತ ನಿಂತಳು.

ಅವನು ಸ್ವಲ್ಪ ಹೊತ್ತು ಕೇಳಿದ. ವಾಲ್ಯೂಮು ಏರಿಸಿ ಮತ್ತೆ ಕೇಳಿದ. ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಅವಳ ಕಡೆ ತಿರುಗಿದ.

"ಕುಂಟು ಹೆಜ್ಜೆ ನೀ ಹೇಳಿದ ಹಾಗೇ ಇದೆ," ಎಂದ. "ಅದರ ಹಿಂದೆ ಸಣ್ಣ ಸಣ್ಣ ಹೆಜ್ಜೆ ಇಟ್ಕೊಂಡು ಬರ್ತಿರೋದು ಯಾರೇ?"