ಎಡಕ್ಕೆ ಬಿದ್ದ ಪತ್ರಿ

ಗೊಳಸಂಗಿಯ ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂಡುವುದು ಹಿಂದಿನಿಂದ ಬಂದದ್ದು. ಮೊದಲು ಅತ್ತೆ ಸಾವಿತ್ರವ್ವ ಪದ ಹೇಳುತ್ತಿದ್ದಳು, ಉಳಿದವರು ಕೇಳುತ್ತಿದ್ದರು. ಈಗ ಕೆಲವು ದಿನಗಳಿಂದ ಕಿರಿಯ ಸೊಸೆ ಭಾಗ್ಯಜ್ಯೋತಿಯ ಫೋನು ಹೇಳುತ್ತಿತ್ತು, ಉಳಿದವರು ಅದರ ಮೇಲೆ ಬಾಗಿ ನೋಡುತ್ತಿದ್ದರು.

ಫೋನಿನಲ್ಲಿ ಹೈದರಾಬಾದಿನ ಕಡೆಯ ಒಂದು ದೊಡ್ಡ ಪಾರ್ಕು. ಆಕಾಶಕ್ಕೆ ಏರಿ ಧೊಪ್ಪೆಂದು ಇಳಿಯುವ ಬಂಡಿಗಳು, ಮಾಳಿಗೆಯ ಮೇಲೆ ಮಾಳಿಗೆ ಇಟ್ಟಷ್ಟು ಎತ್ತರದಿಂದ ಜಾರುವ ನೀರು, ತಲೆಕೆಳಗಾಗಿ ಕಿರುಚುತ್ತ ನಗುವ ಮಂದಿ. ದಸರೆಯ ರಜೆಯಲ್ಲಿ ಮನೆಮಂದಿಯೆಲ್ಲ ಅಲ್ಲಿಗೆ ಹೋಗಬೇಕೆಂದು ಮಾತಾಗಿತ್ತು. ಮಾತು ತೆಗೆದವಳು ಭಾಗ್ಯಜ್ಯೋತಿ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಟೀಚರು. ಎಲ್ಲಿ ಇಳಿಯುವುದು, ಯಾವ ಆಟಕ್ಕೆ ಮೊದಲು ಸರತಿಯಲ್ಲಿ ನಿಲ್ಲುವುದು, ಎಲ್ಲ ಅವಳೇ ನೋಡಿಟ್ಟಿದ್ದಳು.

ಹಿರಿಯ ಸೊಸೆ ಚನ್ನವ್ವ ಅಡುಗೆಮನೆಯ ಹೊಸ್ತಿಲ ಬಳಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕಣ್ಣು ಮೊರದ ಮೇಲೆ, ಕಿವಿ ಪಡಸಾಲೆಯ ಮೇಲೆ.

"ನೋಡ್ರಿ ಅತ್ತಿ," ಭಾಗ್ಯಜ್ಯೋತಿ ಹೇಳುತ್ತಿದ್ದಳು, "ನಸುಕಿನ್ಯಾಗ ಪರಶುನ ಬಾಡಿಗಿ ಗಾಡಿ ಬಿಟ್ರ ದೇವರ ಹಿಪ್ಪರಗಿ, ಸಿಂದಗಿ ದಾಟಿ ಕಲಬುರಗ್ಯಾಗ ನಾಷ್ಟಾ."

"ಸಿಂದಗಿ ದಾರಿ ಅಂದಮ್ಯಾಲ ಕನ್ನೊಳ್ಳ್ಯಾಗ ಚೂರು ನಿಂದ್ರಬೌದಲ್ಲ," ಎಂದಳು ಚನ್ನವ್ವ. ಕನ್ನೊಳ್ಳಿ ಅವಳ ತವರು.

"ಹೋಗಾಗ ಬ್ಯಾಡ್ರಿ ಅಕ್ಕಾರ, ಲೇಟ್ ಆಗತೈತಿ. ಬರಾಗ ನೋಡೂಣಂತ್ರಿ."

"ಆತವ್ವ. ನಮ್ಮ ತವರೇನು ಎಲ್ಲೂ ಓಡಿ ಹೋಗಂಗಿಲ್ಲ." ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. "ಮತ್ತ ಬುತ್ತಿ? ಸಜ್ಜಿ ರೊಟ್ಟಿ ಬಡೀಲ್ಯಾ, ಜ್ವಾಳದ್ದ ಬಡೀಲ್ಯಾ?"

"ಹೊರಗಿನ ಊಟ ಒಳಗ ಬಿಡಂಗಿಲ್ಲಂತ್ರಿ ಅಕ್ಕಾರ."

ಮೈದುನ ಸಿದ್ದಾರೂಢ ನಕ್ಕ. "ವೈನಿ, ನಿಮ್ಮ ಶೇಂಗಾ ಹಿಂಡಿ ಗೇಟಿನ್ಯಾಗ ಜಪ್ತಿ ಆಗತೈತ್ರಿ! ವಾಚಮನ್ ಹೊಟ್ಟಿ ತುಂಬ ಉಣ್ತಾನ."

ಗಂಡ ಗುರುಲಿಂಗಪ್ಪ ನಕ್ಕ, ಅತ್ತೆ ನಕ್ಕಳು. ಅದೆಲ್ಲ ಇರಲಿ. ಚಿಗವ್ವ ಭಾಗ್ಯಜ್ಯೋತಿಯ ತೊಡೆಯ ಮೇಲೆ ಕೂತಿದ್ದ ಚನ್ನವ್ವನ ಮಗಳು ಕೋಮಲ ಎಲ್ಲರಿಗಿಂತ ಜೋರಾಗಿ ನಕ್ಕಳು.

ಈ ಮನೆಯಿಂದ ಯಾರು ಎಲ್ಲಿಗೆ ಹೊರಟರೂ ಬುತ್ತಿ ಕಟ್ಟಿದ ಕೈ ಚನ್ನವ್ವನದು. ಇಂಡಿಯಲ್ಲಿ ಬೀಗರ ಮದುವೆಯಾಗಲಿ, ಮುದ್ದೇಬಿಹಾಳದ ಸಂತೆಯಾಗಲಿ, ಅವಳ ಗಂಟು ಕಂಕುಳಿಗೆ ಬಂದ ಮೇಲೇ ಕಾಲು ಹೊಸ್ತಿಲು ದಾಟುತ್ತಿತ್ತು. ಆ ಕೈಗೆ ಈಗ ಕೆಲಸವಿಲ್ಲವೆಂದಾಯಿತು.

"ಚಿಗವ್ವಾ, ಇದ್ರಾಗ ಇಬ್ರಿಬ್ರು ಕೂಡ್ತಾರ ನೋಡು!" ಕೋಮಲ ಫೋನಿಗೆ ಮೂಗು ಹಚ್ಚಿದಳು. "ನಾ ನಿನ್ನ ಬಾಜೂಕ."

"ಅವ್ವನ ಬಾಜೂಕ ಕೂಡಂಗಿಲ್ಲೇನು?" ಎಂದಳು ಸಾವಿತ್ರವ್ವ.

"ಅವ್ವ ಅಂಜತಾಳ. ಅವ್ವ ಕೆಳಗ ಚೀಲ ಕಾಯ್ತಾಳ."

ಕೂಸಿನ ಮಾತು, ಕೂಸಿನಷ್ಟೇ ಹಗುರ. ಬಿದ್ದದ್ದು ಮಾತ್ರ ಬೀಸುಕಲ್ಲಿನ ಹಾಗೆ. ಭಾಗ್ಯಜ್ಯೋತಿ ಸೊಸೆಯಾಗಿ ಬರುವ ಮೊದಲು ಈ ಹುಡುಗಿ ತಾಯಿಯ ಸೆರಗಿಗೆ ಕಟ್ಟಿದ ಗಂಟಿನಂತಿದ್ದಳು. ಈಗ ಜಡೆ ಹಾಕುವವಳು ಚಿಗವ್ವ, ಸಾಲೆಯ ಅಭ್ಯಾಸ ಮಾಡಿಸುವವಳು ಚಿಗವ್ವ, ಮುನಿಸಿಕೊಂಡರೆ ಓಡಿ ಸೇರುವ ಕೋಣೆ ಚಿಗವ್ವನದು. ಹೊಟ್ಟೆಕಿಚ್ಚಿಗೆ ಎಣ್ಣೆ ಬೇಡ, ಬತ್ತಿ ಬೇಡ, ಗಾಳಿಗೆ ಆರುವುದೂ ಇಲ್ಲ. ಚನ್ನವ್ವ ಮೊರವನ್ನು ನೆಲಕ್ಕಿಟ್ಟಳು.

"ಎಲ್ಲಾ ಆತು. ಅಜ್ಜನ ಗದ್ದುಗಿಗೆ ಪತ್ರಿ ಹಚ್ಚಿ ಕೇಳೂದು ಉಳೀತಲ್ರಿ ಅತ್ತಿ?"

ದೂರದ ಪ್ರಯಾಣವಿರಲಿ, ಭಾವಿ ತೋಡುವುದಿರಲಿ, ಹೆಣ್ಣು ಕೊಟ್ಟು ತರುವುದಿರಲಿ, ಊರ ಹೊರಗೆ, ಅಜ್ಜನೆಂದೇ ಕರೆಯುವ ಶರಣನ ಗದ್ದುಗೆಗೆ ಹೋಗಿ ಕೇಳದೆ ಈ ಮನೆಯವರು ಮಾಡುವುದಿಲ್ಲ. ಗದ್ದುಗೆಯ ಕಲ್ಲಿನ ಬಲಕ್ಕೊಂದು ಎಡಕ್ಕೊಂದು ಬಿಲ್ವಪತ್ರೆಯನ್ನು ನೀರಿನಿಂದ ಅಂಟಿಸಬೇಕು. ಬಲಗಡೆಯದು ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಬೇಡ. ಅಂಟಿಸುವ ಅಧಿಕಾರ ಮನೆಯ ಹಿರಿಯ ಸೊಸೆಯದು.

"ಖರೇನ. ಮರತೇ ಬಿಟ್ಟಿದ್ವಿ ನೋಡು," ಎಂದಳು ಸಾವಿತ್ರವ್ವ.

"ನಾಳೆ ಟಿಕೀಟು ತಗೀಬೇಕಂದಿದ್ದೆ," ಎಂದಳು ಭಾಗ್ಯಜ್ಯೋತಿ.

"ತಗೀಯವ್ವ ಜ್ಯೋತಿ, ಯಾರು ಬ್ಯಾಡಂತಾರ?" ಚನ್ನವ್ವ ಸೆರಗು ಕೊಡವಿ ಎದ್ದಳು. "ಅಜ್ಜ ಹೂಂ ಅಂದ ಮ್ಯಾಲ ತಗಿ."

ಮುಂಜಾನೆ ಹೆಂಗಸರು ಮೂವರೂ ಕೋಮಲಳನ್ನು ಕರೆದುಕೊಂಡು ಗದ್ದುಗೆಗೆ ಹೋದರು. ಮಿಂದು ಒದ್ದೆ ಕೂದಲು ಗಂಟು ಹಾಕಿದ ಚನ್ನವ್ವ ಕಲ್ಲಿನ ಮುಂದೆ ಕುಳಿತಳು. ಸಾವಿತ್ರವ್ವ ಕಣ್ಣು ಮುಚ್ಚಿ ರಾಗವೆಳೆದು ಬೇಡಿಕೊಳ್ಳತೊಡಗಿದಳು.

ಬಲಗಡೆಯ ಎಲೆಯನ್ನು ಚನ್ನವ್ವ ತಂಬಿಗೆಯ ನೀರಿನಲ್ಲಿ ಅದ್ದಿ, ಸ್ವಲ್ಪ ವಿಭೂತಿ ಸವರಿ, ಹೆಬ್ಬೆರಳಿನಿಂದ ಒತ್ತಿ ಅಂಟಿಸಿದಳು. ಎಡಗಡೆಯದನ್ನೂ ಅದ್ದಿದಳು. ಆಮೇಲೆ ಅದು ಸೆರಗಿನೊಳಗೆ ಹೋಗಿ ನೀರು ಒರೆಸಿಕೊಂಡು ಹೊರಗೆ ಬಂತು. ಕೈ ಮಾಡಿತೆಂದು ಮನಸ್ಸು ಹೇಳಿತು. ಮನಸ್ಸು ಮಾಡಿಸಿತೆಂದು ಕೈ ಹೇಳಿತು. ಒಣಗಿದ ಎಲೆಗೆ ಇಬ್ಬರ ಮಾತೂ ಬೇಕಿರಲಿಲ್ಲ. ಸಾವಿತ್ರವ್ವನ ಪದದ ಒಂದು ನುಡಿ ಮುಗಿಯುವ ಮೊದಲೇ ಅದು ಕಲ್ಲಿನಿಂದ ಜಾರಿ ಕೆಳಗೆ ಬಿತ್ತು.

ಎಡಕ್ಕೆ.

ಸಾವಿತ್ರವ್ವ ಕಣ್ಣು ತೆರೆದು ನೋಡಿ, ಕೈಮುಗಿದು, "ಆತಪ್ಪಾ, ನೀ ಹೇಳಿದಂಗ" ಎಂದಳು.

ಭಾಗ್ಯಜ್ಯೋತಿ ವಾದ ಮಾಡುವಳೆಂದು ಚನ್ನವ್ವ ಕಾದಿದ್ದಳು. ಓದಿದವಳು, ಏನಾದರೂ ಅಂದೇ ಅನ್ನುತ್ತಾಳೆ. ಅಂದರೆ ಅತ್ತೆಯ ಕಣ್ಣಿನಿಂದ ಒಂದು ಮೆಟ್ಟಿಲು ಇಳಿಯುತ್ತಾಳೆ. ಅವಳು ಬಿದ್ದ ಎಲೆಯನ್ನೇ ನೋಡುತ್ತ ನಿಂತು, ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ಬ್ಯಾಡಂದ ಮ್ಯಾಲ ಬ್ಯಾಡ್ರಿ ಅತ್ತಿ," ಎಂದಳು. ಅಷ್ಟೇ.

ಕೋಮಲಳ ತುಟಿ ಅದುರಿತು. ಚನ್ನವ್ವ ಕೈ ಚಾಚಿದಳು. ಹುಡುಗಿ ಆ ಕೈಯ ಕೆಳಗಿನಿಂದಲೇ ನುಸುಳಿ ಹೋಗಿ ಚಿಗವ್ವನ ಹೊಟ್ಟೆಗೆ ಮುಖ ಒತ್ತಿ ಅತ್ತಳು.

ಆ ದಿನ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಚನ್ನವ್ವನಿಗೆ ಭಾಗ್ಯಜ್ಯೋತಿಯ ಕೋಣೆಯಿಂದ ನಗು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಬಾಗಿಲ ಸಂದಿಯಿಂದ ನೋಡಿದಳು. ಹೊರಸಿನ ಮೇಲೆ ಎರಡು ದಿಂಬು, ದಿಂಬಿನ ಮೇಲೆ ಕೋಮಲ. ಭಾಗ್ಯಜ್ಯೋತಿ ಹೊರಸಿನ ಒಂದು ತುದಿ ಎತ್ತಿ ಅಲ್ಲಾಡಿಸುತ್ತಿದ್ದಳು.

"ಏರಾಕತ್ತೈತಿ, ಏರಾಕತ್ತೈತಿ, ಹಿಡಕೋ ಕೋಮಲಾ! ಇಳೀತೂ!"

ಹುಡುಗಿ ಕಿರುಚಿ ಉರುಳಿದಳು. "ಚಿಗವ್ವಾ, ಇದ ಛಲೋ ಐತಿ. ಅಲ್ಲಿಗಿ ಹೋಗೂದ ಬ್ಯಾಡ. ನಾವಿಬ್ರ ಇಲ್ಲೇ ಆಡೂಣು."

ನಾವಿಬ್ಬರೇ. ಚನ್ನವ್ವ ಅಡುಗೆಮನೆಗೆ ಮರಳಿ ಬಂದಾಗ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಹೈದರಾಬಾದಿನಲ್ಲಾದರೆ ಒಂದು ಬಂಡಿಯಲ್ಲಿ ಒಂದು ಕುರ್ಚಿಯನ್ನಷ್ಟೇ ಅವಳು ಕಳೆದುಕೊಳ್ಳುತ್ತಿದ್ದಳು. ಈಗ ಮನೆಯೊಳಗೇ ಪಾರ್ಕು ಎದ್ದಿತ್ತು, ಅದರಲ್ಲಿ ಅವಳಿಗೆ ಚೀಲ ಕಾಯುವ ಜಾಗವೂ ಇರಲಿಲ್ಲ.

ಸಂಜೆ ಅತ್ತೆಯ ಕಾಲು ಒತ್ತುತ್ತ ಕೇಳಿದಳು. "ಅತ್ತಿ, ಇನ್ನೊಮ್ಮಿ ಕೇಳೂಣೇನ್ರಿ? ಕೂಸು ಮಾರಿ ಸಣ್ಣದ ಮಾಡೇತಿ."

"ಅಜ್ಜ ಏನು ನಿಮ್ಮ ವಾರಗಿಯ ಗೆಳ್ಯಾನೇನ? ಮತ್ತ ಮತ್ತ ಕೇಳಾಕ?" ಸಾವಿತ್ರವ್ವ ಕಾಲು ಎಳೆದುಕೊಂಡಳು. "ಎರಡನೇ ಸಲ ಕೇಳಬೇಕಂದ್ರ ಹೆಸರ ಹಿಡದ ಕೇಳಬೇಕು. ಯಾರ ಸಲುವಾಗಿ ಬ್ಯಾಡಾತು ಅಂತ. ಯಾರಿಗಿ ಎಡಕ ಬೀಳತೈತಿ, ಅವ್ರು ಮನ್ಯಾಗ ಉಳೀಬೇಕು. ಉಳದವ್ರು ಹೋಗಬೌದು. ಆದೀತೇನ?"

ಭಾಗ್ಯಜ್ಯೋತಿಯ ಹೆಸರಿಗೆ ಒಂದು ಎಡ ಎಲೆ ಬಿದ್ದರೆ ಸಾಕು. ಬಂಡಿಯಲ್ಲಿ ಕೋಮಲಳ ಮಗ್ಗುಲ ಕುರ್ಚಿ ಖಾಲಿ.

"ಆಗತೈತ್ರಿ," ಎಂದಳು.

ಸೋಮವಾರ ಎಲ್ಲರೂ ಬಂದರು. ಹೋಗುವುದೋ ಇಲ್ಲವೋ ತಿಳಿದರೆ ಬೇರೆ ಬಾಡಿಗೆ ಹಿಡಿಯಬಹುದೆಂದು ಪರಶು ಕೂಡ ತನ್ನ ಗಾಡಿ ತಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ. ಮಕ್ಕಳ ಹೆಸರು ಕೇಳುವ ಪದ್ಧತಿಯಿಲ್ಲ. ತಾನು ಹೇಗೂ ಬರುವವಳಲ್ಲವೆಂದು ಸಾವಿತ್ರವ್ವ ತನ್ನ ಹೆಸರು ಬಿಟ್ಟಳು. ಗುರುಲಿಂಗಪ್ಪನಿಗೆ ಬಲಕ್ಕೆ ಬಿತ್ತು. ಸಿದ್ದಾರೂಢನಿಗೆ ಬಲಕ್ಕೆ ಬಿತ್ತು.

"ಭಾಗ್ಯಜ್ಯೋತಿ," ಎಂದಳು ಸಾವಿತ್ರವ್ವ.

ಚನ್ನವ್ವ ಎಲೆ ಎತ್ತಿಕೊಂಡಳು. ಕೈಗೆ ಸೆರಗಿನ ದಾರಿ ಗೊತ್ತಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಬಿಸಿಯುಸಿರು ಬಂತು. ಕೋಮಲ ತಾಯಿಯ ಭುಜಕ್ಕೆ ಗದ್ದ ಊರಿ ಪಿಸುಗುಟ್ಟಿದಳು: "ಅವ್ವಾ, ಚಿಗವ್ವನ್ನ ಛಲೋ ಹಚ್ಚು ಹಾಂ. ನೀ ಹಚ್ಚಿದ್ರ ಅಜ್ಜ ಕೇಳ್ತಾನ."

ಎಷ್ಟು ದಿನಗಳ ಮೇಲೆ ಆ ಗದ್ದ ಆ ಭುಜಕ್ಕೆ ಬಂದಿತ್ತು! ಬಂದದ್ದೂ ಚಿಗವ್ವನಿಗಾಗಿ. ಚನ್ನವ್ವನ ಕಣ್ಣು ಮಂಜಾಯಿತು. ಎರಡೂ ಎಲೆಗಳನ್ನು ಒಂದೇ ನೀರಿನಲ್ಲಿ ಅದ್ದಿ, ಒಂದೇ ಸಮ ಒತ್ತಿ, ಕೈ ತೆಗೆದಳು. ಬೀಳು, ಎಡಕ್ಕೆ ಬೀಳು, ನಾನಂತೂ ಏನೂ ಮಾಡಿಲ್ಲ ಎಂದು ಒಳಗೇ ಬೇಡಿದಳು. ಎಲೆ ಬಲಕ್ಕೆ ಬಿತ್ತು. ಕೋಮಲ ಚಪ್ಪಾಳೆ ತಟ್ಟಿದಳು. ಅಜ್ಜನೂ ಆಕೆಯ ಕಡೆಯವನೇ ಆದನಲ್ಲ ಎಂದು ಚನ್ನವ್ವನಿಗೆ ದೇವರ ಮೇಲೆಯೇ ಸಿಟ್ಟು ಬಂತು.

ಉಳಿದದ್ದು ಒಂದೇ ಹೆಸರು. ಎಲ್ಲರಿಗೂ ಬಲಕ್ಕೆ ಬಿದ್ದ ಮೇಲೆ ಮೊನ್ನೆಯ ಬೇಡ ಯಾರ ಪಾಲಿನದೆಂದು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಚನ್ನವ್ವ ತಂಬಿಗೆಗೆ ಕೈ ಹಾಕಿದಳು.

"ತನ್ನ ಹೆಸರೀಗಿ ತಾ ಹಚ್ಚಬಾರದವ್ವ," ಸಾವಿತ್ರವ್ವ ತಡೆದಳು. "ಸರೀ ಅತ್ಲಾಗ. ಜ್ಯೋತಿ, ನೀ ಬಾ."

ಹೀಗೆ ಚನ್ನವ್ವ ಸರಿದಳು, ಭಾಗ್ಯಜ್ಯೋತಿ ಕುಳಿತಳು. ಅವಳಿಗೆ ಈ ಕೆಲಸ ಹೊಸದು. ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಎತ್ತಿ ಸುರಿಯುವ ನೀರಿನೊಂದಿಗೇ ಮೆತ್ತಿದಳು. ಚನ್ನವ್ವ ಕಣ್ಣು ಮಿಟುಕಿಸದೆ ಅವಳ ಸೆರಗು ನೋಡಿದಳು. ಎಡಗಡೆಯ ಎಲೆ ಸೆರಗಿಗೆ ಹೋಗಲಿಲ್ಲ.

ಎರಡೂ ಎಲೆ ಕಲ್ಲಿಗೆ ಕಚ್ಚಿ ನಿಂತವು. ಸಾವಿತ್ರವ್ವನ ಪದ ಮುಗಿಯಿತು, ಇನ್ನೊಂದು ಪದ ಶುರುವಾಯಿತು, ಅದೂ ಮುಗಿಯಿತು. ಬಿಸಿಲು ಗದ್ದುಗೆಯ ಕಟ್ಟೆ ಏರಿತು.

"ಯವ್ವಾ," ಪರಶು ಗಿಡದ ಕೆಳಗಿನಿಂದ ಕೂಗಿದ, "ಅಜ್ಜ ಇನ್ನೂ ಗೇರ್ ಹಾಕವಲ್ಲನಲ್ಲ!"

"ಬಾಯಿ ಮುಚ್ಚಲೇ ಭಾಡ್ಯಾ," ಎಂದ ಗುರುಲಿಂಗಪ್ಪ.

ಕೋಮಲ ಮೆಲ್ಲಗೆ ಬಂದು ತಾಯಿಯ ಸೆರಗಿನ ತುದಿ ಹಿಡಿದಳು. "ನಮ್ಮವ್ವ ಬರದಿದ್ರ ನಾ ಯಾರ್ನ ಕರೀಲಿ, ಅಂಜಿಕಿ ಬಂದ್ರ?" ಎಂದು ಯಾರಿಗೋ, ಬಹುಶಃ ಕಲ್ಲಿಗೇ, ಕೇಳಿದಳು. ಚನ್ನವ್ವನಿಗೆ ಆ ಎಲೆ ಎಂದೂ ಬೀಳದಿರಲಿ, ಹೀಗೇ ಸೆರಗು ಹಿಡಿದು ಸಂಜೆಯಾಗಲಿ ಅನ್ನಿಸಿತು.

ಆಗ ಭಾಗ್ಯಜ್ಯೋತಿ ದೀಪದ ಕುಡಿ ಸರಿಮಾಡುವವಳಂತೆ ಬಾಗಿದಳು. ಸೆರಗು ಕಲ್ಲಿನ ಮೇಲೆ ಆಡಿತು. ಸೆರಗಿನೊಳಗಿಂದ ಒಂದು ಬೆರಳು ಬಲಗಡೆಯ ಎಲೆಯ ಅಂಚನ್ನು ಮೀಟಿದ್ದು ಪಕ್ಕದಲ್ಲಿ ನಿಂತ ಚನ್ನವ್ವನಿಗೆ ಮಾತ್ರ ಕಂಡಿತು.

"ಬಿತ್ತು! ಬಲಕ ಬಿತ್ತು!" ಸಿದ್ದಾರೂಢ ಕೂಗಿದ.

ಭಾಗ್ಯಜ್ಯೋತಿ ಎದ್ದಳು. ಚನ್ನವ್ವನನ್ನು ನೋಡಲಿಲ್ಲ. ಮೊನ್ನೆಯದನ್ನು ಅವಳು ಕಂಡಿದ್ದಳೇ? ಕಂಡೂ ಬಿದ್ದ ಎಲೆಯನ್ನು ಕಣ್ಣಿಗೊತ್ತಿಕೊಂಡಿದ್ದಳೇ? ಚನ್ನವ್ವನಿಗೆ ಕೇಳುವ ಬಾಯಿ ಇರಲಿಲ್ಲ. ತನ್ನ ಕೈ ಕೆಡಿಸಲು ಮಾಡಿದ್ದನ್ನೇ ಅವಳ ಕೈ ಕೂಡಿಸಲು ಮಾಡಿತ್ತು. ಕೃತಜ್ಞತೆ ಬರಬೇಕಾದ ಜಾಗದಲ್ಲಿ ಮತ್ತೆ ಅದೇ ಬಂತು: ಒಳ್ಳೆಯತನವೂ ಆಕೆಗೇ ಬರಬೇಕೇ? ಅದರಲ್ಲಾದರೂ ನನಗೊಂದು ಪಾಲು ಇರಬಾರದಿತ್ತೇ?

"ಹಂಗಾರ ಮೊನ್ನಿ ಬ್ಯಾಡಂದದ್ದು ನನ್ನ ಸಲುವಾಗೇ ಇರಬೇಕು. ಜ್ಯೋತಿ ಕೈಗುಣ ಛಲೋ ಐತಿ," ಸಾವಿತ್ರವ್ವ ವಿಭೂತಿ ಹಚ್ಚುತ್ತ ಅಂದಳು. "ಇನ್ನ ಮುಂದ ಆಕೀನೂ ಪತ್ರಿ ಹಚ್ಚಲಿ."

ಮನೆಯ ದಾರಿಯಲ್ಲಿ ಗಂಡಸರು ಪರಶುನೊಂದಿಗೆ ಮುಂದೆ ಹೋದರು. ಕೋಮಲ ನಡುವೆ, ಒಂದು ಕೈ ತಾಯಿಯದು, ಇನ್ನೊಂದು ಚಿಗವ್ವನದು. ಸಾವಿತ್ರವ್ವ ಹಿಂದೆ. ಅಷ್ಟು ದಿನ ತವರಿನ ನೆವ, ಬುತ್ತಿಯ ನೆವ, ದೇವರ ನೆವ ಹೊದ್ದುಕೊಂಡಿದ್ದ ಮಾತು ಚನ್ನವ್ವನ ಬಾಯಿಂದ ಬರಿಮೈಯಲ್ಲಿ ಹೊರಗೆ ಬಿತ್ತು.

"ಕೋಮಲಾ, ಬಂಡ್ಯಾಗ ನೀ ಯಾರ ಬಾಜೂಕ ಕೂಡ್ತಿ? ನಾ ಅಂಜೂದಿಲ್ಲ. ನಾನೂ ಹತ್ತತೇನಿ."

ಸಾವಿತ್ರವ್ವ ನಕ್ಕಳು. ಚನ್ನವ್ವ ನಗಲಿಲ್ಲ. ಭಾಗ್ಯಜ್ಯೋತಿಯೂ ನಗಲಿಲ್ಲ, ನಿಂತುಬಿಟ್ಟಿದ್ದಳು, ಹುಡುಗಿಯ ಬಾಯನ್ನೇ ನೋಡುತ್ತ. ಆ ನೋಟ ಚನ್ನವ್ವನಿಗೆ ತನ್ನ ಮುಖದಷ್ಟೇ ಗುರುತಿನದಾಗಿತ್ತು.

ಕೋಮಲ ಈ ಕೈ ನೋಡಿದಳು, ಆ ಕೈ ನೋಡಿದಳು. ಎರಡೂ ಬಿಗಿಯಾಗುತ್ತಿದ್ದವು.

"ಆಯೀ," ಎಂದು ಹಿಂದಿದ್ದ ಅಜ್ಜಿಯ ಕಡೆ ತಿರುಗಿದಳು, "ನೀನೂ ಬಾ. ನಾ ನಿನ್ನ ಬಾಜೂಕ ಕೂಡ್ತೇನಿ."

"ನಾನೇನ? ನನ್ನ ಹೆಸರೀಗಿ ಪತ್ರೀನ ಹಚ್ಚಿಲ್ಲಲ್ಲವ್ವ!"

"ನಾ ಹಚ್ಚತೇನ್ರಿ ಅತ್ತಿ," ಎಂದರು ಇಬ್ಬರೂ ಸೊಸೆಯಂದಿರು, ಒಂದೇ ಉಸಿರಿಗೆ.