ಉಳ್ಳಾಗಡ್ಡಿಯ ಪೊರೆ

ಜಮಖಂಡಿಯ ಕಾಲೇಜೊಂದರಲ್ಲಿ ಹೈಸ್ಕೂಲಿನ ಹೆಣ್ಣುಮಕ್ಕಳಿಗಾಗಿ ವಿಜ್ಞಾನ ಶಿಬಿರ ನಡೆಯುವುದಿತ್ತು. ಶಾಲೆಗೆ ಒಬ್ಬಳಂತೆ ಹೆಸರು ಕಳಿಸಬೇಕು. ವಿಜ್ಞಾನದ ಟೀಚರ್ ರಾಜಶ್ರೀ ಒಂಬತ್ತನೆಯ ತರಗತಿಯ ಮಾಯಾಳನ್ನು ಕಳಿಸಬೇಕೆಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಂಡಿದ್ದಳು. ಮಾಯಾಳದು ಕುರಿ ಸಾಕುವ ಮನೆ. ಆಕೆಯ ತಾಯಿ ಯಲ್ಲಕ್ಕ ಶಾಲೆಯ ಗೇಟಿನವರೆಗೆ ಬಂದು, ಒಳಗೆ ಬರಲು ಒಲ್ಲದೆ, ಅಲ್ಲಿಯೇ ನಿಂತು ಹೇಳಿ ಹೋಗಿದ್ದಳು.

"ಸಾಲಿಯವರ ಆಕಿ ಹೆಸರ ಕಳಿಸಿದ್ರ ಅವರಪ್ಪ ಒಲ್ಲೆ ಅನ್ನಂಗಿಲ್ರಿ. ಮುಂದ ಸೈನ್ಸ್ ಓದ್ತೀನಂದ್ರೂ ಓದಲಿ ಅಂತಾನು. ಇಲ್ಲಂದ್ರ ಹತ್ತನೇತ್ತೆಗೆ ಸಾಕು ಅಂತಾನ್ರಿ."

ರಾಜಶ್ರೀ ಮಾಯಾಳ ಹೆಸರು ಹೇಳಿದಾಗ ಹೆಡ್‌ಮಾಸ್ತರು ಶಿವಯೋಗೆಪ್ಪನವರಿಗೆ ಆ ಆಯ್ಕೆ ಒಪ್ಪಿಗೆಯಾಗಲಿಲ್ಲ. "ಯಾರು ಚುರುಕ ಅದಾರ, ನಾನೂ ಒಂದೀಟ ನೋಡ್ತೇನ್ರಿ" ಎಂದು ಮರುದಿನ ತರಗತಿಯ ಹಿಂದಿನ ಬೆಂಚಿಗೆ ಬಂದು ಕೂತರು.

ಅಂದು ಜೀವಕೋಶದ ಪಾಠ. ಶಾಲೆಗೆ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಒಡೆದೀತೆಂಬ ಭಯಕ್ಕೆ ಅದು ಸದಾ ಬೀರುವಿನಲ್ಲೇ ಇರುತ್ತಿತ್ತು. ದಸರೆಯ ಖಂಡೇಪೂಜೆಗೆ ಮಾತ್ರ ಹೊರಗೆ ಬರುತ್ತಿತ್ತು. ರಾಜಶ್ರೀ ಉಳ್ಳಾಗಡ್ಡಿಯ ತೆಳು ಪೊರೆ ಸುಲಿದು ಗಾಜಿನ ಪಟ್ಟಿಯ ಮೇಲಿಟ್ಟು ಬಗ್ಗಿ ನೋಡಿದಳು. ಕೆಂಪಗಿನ ಮಬ್ಬು ಬಿಟ್ಟರೆ ಏನೂ ಕಾಣಲಿಲ್ಲ. ತನಗೇ ಹೊಂದಿಸಲು ಬರುವುದಿಲ್ಲವೇನೋ ಅಂದುಕೊಂಡಳು. ಬಿ.ಎಸ್ಸಿ. ಓದುವಾಗಲೂ ಹಾಗೆಯೇ ಇತ್ತು. ಹುಡುಗರು ತಿರುಪು ತಿರುಗಿಸಿ, ಸಾಕಷ್ಟು ನೋಡಿ ಸರಿದ ಮೇಲೆ ಹುಡುಗಿಯರು ಒಮ್ಮೆ ಬಗ್ಗಿ ಎದ್ದರೆ ಮುಗಿಯಿತು. ಕಂಡಿತೇ ಎಂದು ಕೇಳಿದರೆ ಕಂಡಿತು ಅನ್ನುವುದು, ಚಿತ್ರವನ್ನು ಪುಸ್ತಕ ನೋಡಿ ಬರೆಯುವುದು. ಹಿಂದಿನ ಬೆಂಚಿನಿಂದ ಹೆಡ್‌ಮಾಸ್ತರು ಕೆಮ್ಮಿದರು. ಆಕೆ ತಡಮಾಡದೆ "ಸಾಲಾಗಿ ಬರ್ರಿ" ಎಂದಳು.

ಕಿರಾಣಿ ಅಂಗಡಿಯವರ ಮಗಳು ಪೂನಮ್ ಮೊದಲು ಬಂದಳು. "ಇಟ್ಟಂಗಿ ಜೋಡಿಸಿದಂಗ ಕಾಣತಾವ್ರಿ ಟೀಚರ. ನಡುವ ಒಂದೊಂದು ಚುಕ್ಕಿ ಐತ್ರಿ."

"ನನಗ ಎರಡೆರಡು ಚುಕ್ಕಿ ಕಂಡಾವ್ರಿ!" ಎಂದ ದುಂಡೇಶ. ಬಂದವರಿಗೆಲ್ಲ ಕಂಡಿತು. ಮಾಯಾ ಮಾತ್ರ ಬಗ್ಗಿದವಳು ಏಳಲೇ ಇಲ್ಲ. ಕಣ್ಣು ಉಜ್ಜಿಕೊಂಡಳು, ಮತ್ತೆ ಬಗ್ಗಿದಳು.

"ಏನೂ ಕಾಣವಲ್ದರಿ. ಬರೇ ಕೆಂಪ ಮಬ್ಬ ಐತ್ರಿ."

"ಕುರಿ ಮೇಯಾಕತ್ತಾವೇನ ನೋಡಬೇ ಮಾಯಿ!" ಎಂದ ದುಂಡೇಶ.

ತರಗತಿಯೆಲ್ಲ ನಕ್ಕಿತು. ಹೆಡ್‌ಮಾಸ್ತರೂ ಮೀಸೆಯೊಳಗೇ ನಕ್ಕರು. ತನಗೂ ಅಷ್ಟೇ ಕಂಡದ್ದು ಎಂಬ ಮಾತು ರಾಜಶ್ರೀಯ ಬಾಯಿಗೆ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ.

"ಎಲ್ಲಾರಿಗೂ ಕಂಡೈತಿ, ನಿನಗಷ್ಟ ಯಾಕ ಕಾಣವಲ್ದು? ಲಕ್ಷ್ಯ ಇಟ್ಟ ನೋಡಿದ್ರ ಕಾಣತೈತಿ. ಹೋಗು, ಕುಂದ್ರು."

ಮಾಯಾ ಯಾರ ಮುಖವನ್ನೂ ನೋಡದೆ ಹೋಗಿ ಕೂತಳು. ಹೊರಗೆ ಹೋಗುವಾಗ ಹೆಡ್‌ಮಾಸ್ತರು, "ಪೂನಮ್ ಹೆಸರ ಬರೀತೇನ್ರಿ, ಟೀಚರ" ಎಂದರು. ರಾಜಶ್ರೀ ಹೂಂ ಎಂದು ತಲೆಯಾಡಿಸಿದಳು.

ಊಟದ ಬಿಡುವಿನಲ್ಲಿ ಸೂಕ್ಷ್ಮದರ್ಶಕವನ್ನು ಒಳಗಿಡಲು ಹೋದವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಕೆಳಗಿನ ಮಸೂರದ ತುಂಬ ಕುಂಕುಮ ಒಣಗಿ ಹತ್ತಿಕೊಂಡಿತ್ತು. ದಸರೆಯಲ್ಲಿ ಪೂಜೆ ಮಾಡಿದವಳು ಆಕೆಯೇ. ಕೊಳವೆಗೆ ಹಚ್ಚಿದ ಒದ್ದೆ ಕುಂಕುಮ ಕೆಳಗಿಳಿದಿರಬೇಕು. ಸ್ಪಿರಿಟ್ಟಿನಲ್ಲಿ ಅರಳೆ ಅದ್ದಿ ಒರೆಸಿ, ತಿರುಪನ್ನು ನಿಧಾನವಾಗಿ ತಿರುಗಿಸಿ ನೋಡಿದಳು. ಒಂದಕ್ಕೊಂದು ಒತ್ತಿ ನಿಂತ ಉದ್ದನೆಯ ಕೋಣೆಗಳು ಕಂಡವು. ಪುಸ್ತಕದಲ್ಲಿದ್ದಷ್ಟು ನೇರವಾಗಿರಲಿಲ್ಲ, ಒಂದು ಓರೆ, ಒಂದು ಸೊಟ್ಟ. ಜೀವಕೋಶವನ್ನು ಆಕೆ ತನ್ನ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಸಂತೋಷವಾಗಬೇಕಿತ್ತು. ಆಗಲಿಲ್ಲ.

ಯಾರಿಗೂ ಗೊತ್ತಾಗದಂತೆ ಸರಿಪಡಿಸಬಹುದು ಅನ್ನಿಸಿತು. ಮಾಯಾಳನ್ನೊಬ್ಬಳನ್ನೇ ಕರೆಸಿದಳು. ಹಳೆಯ ಪೊರೆ ಒಣಗಿದ್ದರಿಂದ ಪಟ್ಟಿ ಹೊರತೆಗೆದು ಹೊಸದನ್ನು ಹಚ್ಚುತ್ತ, "ಬಾ, ಇನ್ನೊಮ್ಮೆ ನೋಡುವಂತಿ" ಎಂದಳು. ಮಾಯಾ ಬಂದಳು, ಬಗ್ಗಿದಳು, ಅಷ್ಟೇ ಬೇಗ ಎದ್ದಳು.

"ಕಂಡಾವ್ರಿ ಟೀಚರ. ಇಟ್ಟಂಗಿ ಜೋಡಿಸಿದಂಗ ಅದಾವ್ರಿ."

ಪೊರೆ ಹಚ್ಚಿದ ಗಾಜಿನ ಪಟ್ಟಿ ಇನ್ನೂ ರಾಜಶ್ರೀಯ ಕೈಯಲ್ಲೇ ಇತ್ತು.

ಮಾಯಾ ಅದನ್ನು ನೋಡಿದಳು. ಅವಳ ಮುಖ ಕಪ್ಪಿಟ್ಟಿತು. ರಾಜಶ್ರೀ ಮಾತಾಡುವ ಮೊದಲೇ ಓಡಿಹೋದಳು.

ಗಂಟೆ ಹೊಡೆದ ಮೇಲೆ ರಾಜಶ್ರೀ ಹೆಡ್‌ಮಾಸ್ತರನ್ನೂ ಕರೆದುಕೊಂಡು ತರಗತಿಗೆ ಬಂದಳು.

"ಮುಂಜಾನಿ ಯಾರಿಗೂ ಏನೂ ಕಂಡಿಲ್ಲ. ಕಾಣಾಕ ಶಕ್ಯನ ಇರಲಿಲ್ಲ. ಕೆಳಗಿನ ಗಾಜಿಗೆ ಪೂಜಿ ಕುಂಕುಮ ಹತ್ತಿತ್ತು, ಹಚ್ಚಿದಾಕಿ ನಾನ. ನನಗೂ ಬರೇ ಮಬ್ಬ ಕಂಡಿತ್ತು, ಹೇಳಾಕ ನಾಚಿಕಿ ಬಂತು. ಖರೇ ಹೇಳಿದಾಕಿ ಮಾಯಾ ಒಬ್ಬಾಕಿ."

ಪೂನಮ್ ತಲೆ ಕೆಳಗೆ ಹಾಕಿದಳು. "ಹಂಗಾರ ನನ್ನ ಎರಡು ಚುಕ್ಕಿ, ಟೀಚರ?" ಎಂದು ದುಂಡೇಶ ಮೆಲ್ಲಗೆ ಕೇಳಿದ. ಯಾರೂ ನಗಲಿಲ್ಲ.

"ಹುಡುಗರ ಮುಂದ ಇದನ್ನೆಲ್ಲಾ ಹೇಳೂದ ಏನಿತ್ರಿ?" ಎಂದರು ಹೆಡ್‌ಮಾಸ್ತರು, ದನಿ ತಗ್ಗಿಸಿ.

"ಹುಡುಗರ ಮುಂದನ ಬೈದಿದ್ನೆಲ್ರಿ ಸರ. ಶಿಬಿರಕ್ಕ ಮಾಯಾನ ಹೆಸರ ಬರೀರಿ."

ಅವರು ಪೂನಮ್‌ಳನ್ನೊಮ್ಮೆ, ಮಾಯಾಳನ್ನೊಮ್ಮೆ ನೋಡಿದರು. "ಆತು, ನಿಮ್ಮ ಜವಾಬ್ದಾರಿ ನೋಡ್ರಿ ಮತ್ತ" ಎಂದು ಹೊರಟುಹೋದರು.

ಮಾಯಾ ಎದ್ದು ನಿಂತಿದ್ದಳು. ಸಂತೋಷದ ಸುಳಿವೇ ಇರಲಿಲ್ಲ.

"ಅಲ್ಲಿ ಕಾಲೇಜಿನ ಸರ್‌ಗೋಳು ಇರತಾರ್ರಿ. ಅಲ್ಲೂ ಕಾಣಲಿಲ್ಲಂದ್ರ ಏನ ಹೇಳ್ಲಿರಿ?"

"ಕಾಣಲಿಲ್ಲಂತ ಹೇಳು."

"ಹೇಳಿದ್ದಕ್ಕ ನೀವ ಬೈದ್ರೆಲ್ರಿ."

"ಬೈದೆ. ನಂದ ತಪ್ಪಾತು, ಮಾಯಾ."

ಮಾಯಾ ಸುತ್ತಲೂ ನೋಡಿದಳು, ಯಾರಾದರೂ ನಗುತ್ತಿದ್ದಾರೇನೋ ಎಂಬಂತೆ. ಆಮೇಲೆ ಟೀಚರ ಮುಖವನ್ನು ಬಹಳ ಹೊತ್ತು ನೋಡಿದಳು. ರಾಜಶ್ರೀ ಕಣ್ಣು ಬೇರೆ ಕಡೆ ತಿರುಗಿಸದೆ ನಿಂತಿರಲು ಪ್ರಯತ್ನಿಸಿದಳು.