ನಾರ್ಮನ್ ಮಾರಿದ ಪಾಲಿಸಿಗಳು

ಗ್ರಿಮ್ಸ್‌ಬಿಯ ಮೀನಿನ ಕಾರ್ಖಾನೆಯಲ್ಲಿ ಗ್ಲೆನಿಸ್ ಥ್ಯಾಕ್ರೆ ಇಪ್ಪತ್ತೆರಡು ವರ್ಷ ಚಾಕು ಹಿಡಿದವಳು. ಗಂಡ ಟ್ರೆವರ್ ಬಸ್ ಓಡಿಸುತ್ತಿದ್ದ. 2003ರ ಏಪ್ರಿಲ್‌ನಲ್ಲಿ ಅವರ ಮನೆ ಸಾಲದ ಎರಡು ವರ್ಷದ ಸ್ಥಿರ ಬಡ್ಡಿ ಮುಗಿಯುವುದಿತ್ತು. ಹೊಸ ದರ ಗೊತ್ತುಮಾಡಿಕೊಳ್ಳಲು ಟ್ರೆವರ್‌ಗೆ ರಜೆ ಸಿಗದೆ ಗ್ಲೆನಿಸ್ ಒಬ್ಬಳೇ ಸಾಲ ಕೊಟ್ಟ ಸೊಸೈಟಿಗೆ ಹೋದಳು.

ಹದಿನೇಳು ವರ್ಷಗಳಿಂದ ಅವರು ಸಾಲಕ್ಕೆ ಬಡ್ಡಿ ಮಾತ್ರ ಕಟ್ಟುತ್ತಿದ್ದರು. ಅಸಲು ತೀರಿಸಲೆಂದು, ಕಂತಿನ ಹಣವನ್ನು ಷೇರುಪೇಟೆಯಲ್ಲಿ ಹೂಡುವ ಎರಡು ಎಂಡೋಮೆಂಟ್ ವಿಮಾ ಪಾಲಿಸಿಗಳಿದ್ದವು. ತಿಂಗಳು ತಿಂಗಳು ಕಂತು ಕಟ್ಟಿಕೊಂಡು ಹೋದರೆ ಇಪ್ಪತ್ತೈದನೆಯ ವರ್ಷಕ್ಕೆ ಬರುವ ಹಣದಲ್ಲಿ ಮನೆ ತಮ್ಮದಾಗುತ್ತದೆ, ಮಿಕ್ಕಿದ್ದರಲ್ಲಿ ಸ್ಪೇನ್‌ಗೆ ಹೋಗಿಬರಬಹುದು ಎಂದು ಪಾಲಿಸಿ ಮಾರಿದವನು ಹೇಳಿದ್ದ. ಅವನು ನಾರ್ಮನ್ ಬ್ಲೈದ್. ಟ್ರೆವರ್‌ನ ಮದುವೆಯಲ್ಲಿ ಉಂಗುರ ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತಿದ್ದ ಗೆಳೆಯ. ಈಗಲೂ ಗುರುವಾರ ಗುರುವಾರ ಕ್ಲಬ್ಬಿನಲ್ಲಿ ಡಾರ್ಟ್ಸ್ ಆಡುವ ಜೊತೆಗಾರ.

ಸೊಸೈಟಿಯ ಹುಡುಗಿ ಕಡತ ತೆರೆದು ನೋಡಿದಳು. ಆಮೇಲೆ, ದರಕ್ಕಿಂತ ಮೊದಲು ಇನ್ನೊಂದು ವಿಷಯ ತೀರ್ಮಾನವಾಗಬೇಕು ಎಂದಳು. ಸಾಲ ಮೂವತ್ತು ಸಾವಿರ ಪೌಂಡು. ಈಗಿನ ಅಂದಾಜಿನಂತೆ ಎರಡೂ ಪಾಲಿಸಿ ಸೇರಿ ಇಪ್ಪತ್ತೊಂದು ಸಾವಿರ ಬಂದರೆ ಹೆಚ್ಚು. ಉಳಿದ ಒಂಬತ್ತು ಸಾವಿರಕ್ಕೆ ಏನು ಮಾಡುತ್ತೀರಿ ಎಂದು ಕೇಳಿದಳು.

"ತಪ್ಪು ಲೆಕ್ಕ ನೋಡ್ತಿದೀಯ, ನೋಡಮ್ಮ. ನಮ್ದು ಪೂರ್ತಿ ಬರತ್ತೆ," ಎಂದಳು ಗ್ಲೆನಿಸ್.

"ಮಿಸೆಸ್ ಥ್ಯಾಕ್ರೆ, ಇದರ ಬಗ್ಗೆ ವಿಮಾ ಕಂಪನಿಯಿಂದ ನಿಮಗೆ ಕೆಂಪು ಪತ್ರ ಬಂದಿರ್ಬೇಕಲ್ಲ? ಪೂರ್ತಿ ವಿಷಯ ಹೇಳದೆ ಪಾಲಿಸಿ ಮಾರಿದ್ರು ಅಂತ ದೂರು ಕೊಡೋದಾದ್ರೆ ಅದು ಬಂದು ಮೂರು ವರ್ಷದೊಳಗೆ ಕೊಡ್ಬೇಕು. ಆಮೇಲೆ ಕೊಟ್ರೆ ತಗೊಳ್ಳಲ್ಲ."

ಗ್ಲೆನಿಸ್ ಅಂಥ ಪತ್ರವನ್ನು ಕಂಡಿರಲೇ ಇಲ್ಲ. ಮನೆಗೆ ಬಂದು ಕೋಟು ಸಹ ತೆಗೆಯದೆ ಕಪಾಟಿನ ಖಾನೆಗಳನ್ನೆಲ್ಲ ಕಿತ್ತು ನೆಲಕ್ಕೆ ಸುರಿದಳು. ಬಸ್ಸಿನ ಹಳೆಯ ವೇಳಾಪಟ್ಟಿಗಳ ಕಟ್ಟಿನೊಳಗೆ ಪತ್ರ ಸಿಕ್ಕಿತು. ಒಡೆದು, ಓದಿ, ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದ ಪತ್ರ. ತಾರೀಖು 2000ದ ಜೂನ್ ಒಂಬತ್ತು. ಮೂರು ವರ್ಷ ತುಂಬಲು ಏಳು ವಾರ ಉಳಿದಿತ್ತು.

ಸಂಜೆ ಟ್ರೆವರ್ ಬಂದಾಗ ಅವಳು ಪತ್ರವನ್ನು ಅವನ ತಟ್ಟೆಯ ಮೇಲಿಟ್ಟಳು. ಊಟ ಬಡಿಸಲಿಲ್ಲ. ಪತ್ರ ಬಚ್ಚಿಟ್ಟದ್ದನ್ನು ಅವನು ಅಲ್ಲಗಳೆಯಲಿಲ್ಲ. ದೂರು ಕೊಟ್ಟರೆ ನಾರ್ಮನ್ ಮೇಲೆ ಬರುತ್ತದೆ, ಅವನೇನು ಬೇಕಂತ ಮಾಡಿದ್ದಲ್ಲ, ಷೇರುಪೇಟೆ ಮತ್ತೆ ಏರಬಹುದು ಎಂದು ಸುಮ್ಮನಿದ್ದೆ ಎಂದ.

"ಮೂರು ವರ್ಷ ನನ್ ಪಕ್ಕದಲ್ಲೇ ಮಲಗಿದ್ದೆ, ಪುಣ್ಯಾತ್ಮ. ಒಂದು ಮಾತು ಹೇಳೋಕೆ ಆಗ್ಲಿಲ್ವಾ? ನಿನ್ ಗೆಳೆಯನ ಮಾನ ಉಳಿಸೋಕೆ ನಾನು ಐಸಿನಲ್ಲಿ ಕೈ ಕೊಯ್ಕೋಬೇಕಾ?"

"ಅವ್ನು ಅಂಥವನಲ್ಲ, ಗ್ಲೆನ್," ಎಂದಷ್ಟೇ ಅಂದ ಟ್ರೆವರ್.

ಪಾಲಿಸಿಗಳು ಇಬ್ಬರ ಹೆಸರಿನಲ್ಲೂ ಇದ್ದವು. ದೂರಿಗೆ ಅವನ ಸಹಿಯೂ ಬೇಕಿತ್ತು. ಅವನು ಹಾಕಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಮೂರನೆಯ ಶನಿವಾರ ಗ್ಲೆನಿಸ್, ನೀನೂ ಬಂದು ಕಿವಿಯಾರೆ ಕೇಳು ಎಂದು ಅವನನ್ನು ಹೊರಡಿಸಿಕೊಂಡು ಕ್ಲೀಥೋರ್ಪ್ಸ್‌ನಲ್ಲಿದ್ದ ನಾರ್ಮನ್ ಮನೆಗೆ ಹೋದಳು.

ನಾರ್ಮನ್ ನಿವೃತ್ತನಾಗಿದ್ದ. ಚಹಾ ಕೊಟ್ಟ, ಬಿಸ್ಕತ್ತು ಇಟ್ಟ. ಆಗ ಎಲ್ಲರೂ ಅದನ್ನೇ ಮಾರುತ್ತಿದ್ದರು, ಕಂಪನಿ ಕೊಟ್ಟ ಹಾಳೆಯಲ್ಲಿದ್ದದ್ದನ್ನೇ ತಾನು ಓದಿದ್ದು ಎಂದ. ಮಾತು ಮೃದುವಾಗಿತ್ತು, ಟ್ರೆವರ್ ತಲೆಯಾಡಿಸುತ್ತಲೇ ಇದ್ದ.

ಗ್ಲೆನಿಸ್ ಬಟ್ಟಲು ಮುಟ್ಟಲಿಲ್ಲ. "ಒಂದೇ ಮಾತು ಕೇಳ್ತೀನಿ, ನಾರ್ಮನ್. ಅದೇ ವರ್ಷ ನೀನೂ ಈ ಮನೆ ತಗೊಂಡೆ. ನಿನ್ ಸಾಲಕ್ಕೂ ಇದೇ ಪಾಲಿಸಿ ಮಾಡಿಸ್ದೆಯಾ?"

ನಾರ್ಮನ್ ಕಿಟಕಿಯ ಕಡೆ ನೋಡಿದ. "ಇಲ್ಲ. ಮಾಮೂಲಿ ಸಾಲ ತಗೊಂಡೆ. ತಿಂಗಳು ತಿಂಗಳು ಅಸಲೂ ತೀರೋ ಥರದ್ದು."

"ಯಾಕೆ?"

"ಜೀನ್‌ಗೆ ಅಪಾಯ ಅಂದ್ರೆ ಆಗ್ತಿರ್ಲಿಲ್ಲ," ಎಂದು ಹೆಂಡತಿಯ ಹೆಸರು ಹೇಳಿದ.

ಅಪಾಯ ಎಂಬ ಪದ ಅವನ ಬಾಯಿಂದ ಹದಿನೇಳು ವರ್ಷಗಳಲ್ಲಿ ಬಂದದ್ದು ಅದೇ ಮೊದಲು. ಟ್ರೆವರ್ ತಲೆಯಾಡಿಸುವುದನ್ನು ನಿಲ್ಲಿಸಿದ. ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟು, ಎದ್ದು, ಹೆಂಡತಿಯ ಕೋಟು ಹುಡುಕಿ ತಂದ. ಮನೆ ಸೇರಿದ ಕೂಡಲೇ ಸಹಿ ಹಾಕಿದ. ಹಾಕುವಾಗ ಅವನ ಮುಖ ಸಿಟ್ಟಿನಿಂದ ಎಷ್ಟು ಕೆಂಪಗಾಗಿತ್ತೆಂದರೆ, ತನ್ನ ಸಿಟ್ಟನ್ನು ಇನ್ನೂ ಬಿಟ್ಟಿರದ ಗ್ಲೆನಿಸ್ಸೇ ಒಂದು ಲೋಟ ನೀರು ತಂದುಕೊಟ್ಟಳು.

ಹೊಸ ಒಪ್ಪಂದವನ್ನು ಇಬ್ಬರೂ ಕೂತು ಗೊತ್ತುಮಾಡಿದರು. ಹುಡುಗಿ ಮೂರು ದಾರಿ ತೋರಿಸಿದ್ದಳು: ಇದ್ದ ಹಾಗೇ ಮುಂದುವರಿಸುವುದು, ಕೊರತೆಯಷ್ಟನ್ನು ಮಾತ್ರ ಅಸಲು ತೀರುವ ಸಾಲಕ್ಕೆ ಬದಲಾಯಿಸುವುದು, ಅಥವಾ ಪೂರ್ತಿ ಬದಲಾಯಿಸುವುದು. ಈಗಲೇ ಪಾಲಿಸಿ ಮುರಿದರೆ ಕಂಪನಿ ದಂಡ ಹಿಡಿಯುತ್ತಿತ್ತು, ಜೀವವಿಮೆಯೂ ಹೋಗುತ್ತಿತ್ತು. ಹಾಗಾಗಿ ಎರಡನ್ನೂ ಉಳಿಸಿಕೊಂಡು ಒಂಬತ್ತು ಸಾವಿರವನ್ನು ಮಾತ್ರ ಬದಲಾಯಿಸಿದರು. ದರವನ್ನು ಐದು ವರ್ಷಕ್ಕೆ ಕಟ್ಟಿಹಾಕಿಸಿದರು. ತಿಂಗಳಿಗೆ ತೊಂಬತ್ತು ಪೌಂಡು ಹೆಚ್ಚಾಯಿತು. ಟ್ರೆವರ್ ಭಾನುವಾರದ ಬಸ್ಸನ್ನೂ ಓಡಿಸತೊಡಗಿದ.

ಕಂಪನಿ ಮೊದಲು ದೂರನ್ನು ತಳ್ಳಿಹಾಕಿತು. ಗ್ಲೆನಿಸ್ ಬಿಡಲಿಲ್ಲ, ಕಂಪನಿಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಗೆ ಬರೆದಳು. ಹನ್ನೊಂದು ತಿಂಗಳ ಮೇಲೆ ಐದು ಸಾವಿರದ ಇನ್ನೂರು ಪೌಂಡಿನ ಚೆಕ್ಕು ಬಂತು. ಜೊತೆಯ ಪತ್ರದಲ್ಲಿ, ತಪ್ಪೊಪ್ಪಿಕೊಳ್ಳದೆ ಸೌಹಾರ್ದದಿಂದ ಕೊಡುತ್ತಿದ್ದೇವೆ ಎಂದಿತ್ತು. ಅವಳು ಆ ವಾಕ್ಯವನ್ನು ಗಟ್ಟಿಯಾಗಿ ಎರಡು ಸಲ ಓದಿದಳು.

"ಸೌಹಾರ್ದವಂತೆ," ಎಂದಳು. ಚೆಕ್ಕನ್ನು ಅವತ್ತೇ ಸಾಲಕ್ಕೆ ತುಂಬಿ ಬಂದಳು. ಟ್ರೆವರ್ ಆ ಗುರುವಾರವೂ ಡಾರ್ಟ್ಸ್ ಆಡಲು ಹೋಗದೆ ಮನೆಯಲ್ಲೇ ಇದ್ದ.